ಆದೇಶ ಕೈಯಲ್ಲಿದೆ, ಅವನ ಹೊಸ ನೌಕರಿ ಎಲ್ಲಿದೆ?

ಹುಬ್ಬಳ್ಳಿಯ ಮಹಿಳೆಯೊಬ್ಬರಿಗೆ ಕೌಟುಂಬಿಕ ನ್ಯಾಯಾಲಯ ಜೀವನಾಂಶ ಮಂಜೂರು ಮಾಡಿತು. ತಿಂಗಳಿಗೆ ಅವರಿಗೆ 10,000 ರೂಪಾಯಿ, ಮಗಳಿಗೆ 5,000. ಆದೇಶವೇನೋ ಬಂತು, ಗಂಡ ಎಲ್ಲಿದ್ದಾನೆ ಎಂಬುದೇ ತಿಳಿಯಲಿಲ್ಲ. ಅವನ ಆಧಾರ್‌ನಲ್ಲಿರುವ ಈಗಿನ ವಿಳಾಸ ಕೊಡಿ ಎಂದು ಅವರು ಮಾಹಿತಿ ಹಕ್ಕಿನಡಿ ಆಧಾರ್ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರು. 2021ರ ಫೆಬ್ರವರಿಯಲ್ಲಿ ಪ್ರಾಧಿಕಾರ ಆಗದು ಎಂದಿತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಗಂಡನಿಗೆ ನೋಟಿಸ್ ಕೊಟ್ಟು ಅರ್ಜಿಯನ್ನು ಮತ್ತೆ ಪರಿಶೀಲಿಸಿ ಎಂದು ಏಕಸದಸ್ಯ ಪೀಠ ಹೇಳಿತು. 2023ರಲ್ಲಿ ವಿಭಾಗೀಯ ಪೀಠ ಅದನ್ನೂ ಒಪ್ಪಲಿಲ್ಲ. ಆಧಾರ್ ಕಾಯ್ದೆಯ 33ನೇ ಕಲಮಿನಂತೆ, ಸಂಬಂಧಪಟ್ಟ ವ್ಯಕ್ತಿಯ ವಾದ ಕೇಳಿ ಹೈಕೋರ್ಟ್ ನ್ಯಾಯಾಧೀಶರೇ ಆದೇಶ ಮಾಡದ ಹೊರತು ಮಾಹಿತಿ ಕೊಡುವಂತಿಲ್ಲ, ಮದುವೆಯಾದ ಮಾತ್ರಕ್ಕೆ ಗಂಡನ ಖಾಸಗಿತನದ ಹಕ್ಕು ಹೆಂಡತಿಯ ಎದುರು ಇಲ್ಲವಾಗುವುದಿಲ್ಲ ಎಂದಿತು.

ಖಾಸಗಿತನದ ಮಾತು ಸರಿಯೇ. ಆದರೆ ಮಗಳ ಶಾಲೆಯ ಫೀಸಿಗೆ ಆ ಮಾತಿನಿಂದ ದಾರಿ ಆಗಲಿಲ್ಲ. ಜೀವನಾಂಶದ ಪ್ರಕರಣಗಳು ಬಹಳ ಸಲ ತೊಡರಿಕೊಳ್ಳುವುದು ಇಲ್ಲಿಯೇ. ಎಷ್ಟು ಕೊಡಬೇಕು ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ, ಆ ದುಡ್ಡು ಈಗ ಯಾರ ಕೈಯಿಂದ ಅವನ ಖಾತೆಗೆ ಬೀಳುತ್ತಿದೆ ಎಂಬುದನ್ನು ತಾಯಿ ಹುಡುಕಬೇಕು.

ಹೈದರಾಬಾದಿನಲ್ಲಿ ಈ ಹುಡುಕಾಟ ಇನ್ನೂ ಕಷ್ಟ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ನಿಜಾಮರ ಕಾಲದಿಂದಲೂ ಇದು ದುಡಿಮೆಯ ಊರು. ಕಾಚಿಗುಡದಲ್ಲಿ ಕನ್ನಡದ ಶಾಲೆ, ಸಾಹಿತ್ಯ ಮಂದಿರ ಎರಡೂ ಇವೆ. ಮಾದಾಪುರ, ಗಚ್ಚಿಬೌಲಿಯ ಐಟಿ ಕಂಪನಿಗಳಿಂದ ಹಿಡಿದು ಕಟ್ಟಡ ಕೆಲಸ, ಹೋಟೆಲ್, ಕ್ಯಾಬ್, ಡೆಲಿವರಿವರೆಗೆ ಎಲ್ಲ ಬಗೆಯ ಪಗಾರವೂ ಇಲ್ಲಿದೆ. ಒಂದು ಕಂಪನಿ ಬಿಟ್ಟು ಎದುರಿನ ಕಟ್ಟಡದ ಕಂಪನಿ ಸೇರುವುದು ಇಲ್ಲಿ ಮಾಮೂಲು. ಹಾಗೆ ಸೇರಿದ ದಿನದಿಂದ ಹಳೆಯ ಕಂಪನಿಗೆ ಹೋಗಿದ್ದ ಕೋರ್ಟಿನ ಪತ್ರ ಕೆಲಸಕ್ಕೆ ಬಾರದ ಕಾಗದವಾಗುತ್ತದೆ.

ಅಮೆರಿಕದಲ್ಲಿ ಕಂಪನಿಯೇ ತಿಳಿಸುತ್ತದೆ

ಇದೇ ತೊಡಕಿಗೆ ಅಮೆರಿಕ 1996ರಲ್ಲಿ ಒಂದು ಪರಿಹಾರ ಕಂಡುಕೊಂಡಿತು. ಆ ವರ್ಷದ ಆಗಸ್ಟಿನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣಾ ಕಾಯ್ದೆಯಲ್ಲಿ ಎಲ್ಲ ಉದ್ಯೋಗದಾತರಿಗೂ ಒಂದು ಕರ್ತವ್ಯ ವಿಧಿಸಲಾಯಿತು: ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡ 20 ದಿನಗಳೊಳಗೆ ಅವರ ವಿವರವನ್ನು ರಾಜ್ಯದ ‘ಹೊಸ ನೌಕರರ ದಾಖಲೆ’ಗೆ ಕಳಿಸಬೇಕು. ನೌಕರನ ಹೆಸರು, ವಿಳಾಸ, ಸಾಮಾಜಿಕ ಭದ್ರತಾ ಸಂಖ್ಯೆ, ಸೇರಿದ ದಿನಾಂಕ, ಕಂಪನಿಯ ಹೆಸರು, ವಿಳಾಸ, ಅದರ ತೆರಿಗೆ ಸಂಖ್ಯೆ. ಕೇಳುವುದು ಇಷ್ಟೇ.

ಮುಂದಿನದೆಲ್ಲ ಗಡಿಯಾರದ ಲೆಕ್ಕ. ವಿವರ ಬಂದ ಐದು ಕೆಲಸದ ದಿನಗಳಲ್ಲಿ ರಾಜ್ಯ ಅದನ್ನು ದಾಖಲಿಸಿಕೊಳ್ಳಬೇಕು. ಮಕ್ಕಳ ಜೀವನಾಂಶ ಕೊಡಬೇಕಾದವರ ಪಟ್ಟಿಯೊಂದಿಗೆ ತಾಳೆ ನೋಡಿ, ಹೆಸರು ಕೂಡಿಬಂದರೆ ಎರಡು ಕೆಲಸದ ದಿನಗಳಲ್ಲಿ ಆ ಕಂಪನಿಗೆ ಸಂಬಳದಲ್ಲಿ ಮುರಿದುಕೊಳ್ಳಿ ಎಂಬ ನೋಟಿಸ್ ಹೋಗಬೇಕು. ವಿವರದ ಪ್ರತಿ ಮೂರು ಕೆಲಸದ ದಿನಗಳಲ್ಲಿ ಒಕ್ಕೂಟ ಸರ್ಕಾರದ ರಾಷ್ಟ್ರೀಯ ದಾಖಲೆಗೂ ಸೇರಬೇಕು. ಹಾಗಾಗಿ ಒಬ್ಬ ಟೆಕ್ಸಾಸ್ ಬಿಟ್ಟು ನ್ಯೂಜೆರ್ಸಿಯಲ್ಲಿ ಕೆಲಸಕ್ಕೆ ಸೇರಿದರೂ ಸಿಕ್ಕಿಬೀಳುತ್ತಾನೆ. ಈ ರಾಷ್ಟ್ರೀಯ ದಾಖಲೆ 1997ರ ಅಕ್ಟೋಬರಿನಿಂದ ನಡೆಯುತ್ತಿದೆ.

ಕಂಪನಿ ಹೀಗೆ ಮುರಿದುಕೊಂಡ ಹಣವನ್ನು ಸಂಬಳದ ದಿನದಿಂದ ಏಳು ಕೆಲಸದ ದಿನಗಳೊಳಗೆ ಕಳಿಸಬೇಕು. ಮುರಿಯುವುದಕ್ಕೂ ಮಿತಿ ಇದೆ. ಇನ್ನೊಂದು ಸಂಸಾರವನ್ನು ಸಾಕುತ್ತಿರುವವನ ಕೈಗೆ ಬರುವ ಸಂಬಳದ ಶೇ 50ರವರೆಗೆ, ಅಂಥ ಹೊರೆ ಇಲ್ಲದವನಾದರೆ ಶೇ 60ರವರೆಗೆ, ಹಳೆಯ ಬಾಕಿ 12 ವಾರ ಮೀರಿದ್ದರೆ ಇನ್ನೂ ಶೇ 5. ಇಂಥ ನೋಟಿಸ್ ಬಂತೆಂದು ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ. ರಾಷ್ಟ್ರೀಯ ದಾಖಲೆಯಲ್ಲಿ ಸೇರಿದ ವಿವರವನ್ನು 24 ತಿಂಗಳ ಬಳಿಕ ಅಳಿಸಬೇಕು. ತಾಯಿಗೆ ಆ ದಾಖಲೆಯನ್ನು ತೆರೆದು ನೋಡುವ ಅವಕಾಶವೂ ಇಲ್ಲ. ವಿಳಾಸ ಅವಳ ಕೈಗೆ ಸಿಗುವುದಿಲ್ಲ, ಹಣ ಸಿಗುತ್ತದೆ. ಹುಬ್ಬಳ್ಳಿಯ ಪ್ರಕರಣದಲ್ಲಿ ಒಂದರೆದುರು ಒಂದು ನಿಂತ ಎರಡು ಹಕ್ಕುಗಳಿಗೂ ಇಲ್ಲಿ ಜಾಗ ಸಿಕ್ಕಿದೆ.

ನಮ್ಮಲ್ಲಿ ಮಾಹಿತಿ ಇದೆ, ಕೊಂಡಿ ಇಲ್ಲ

ಭಾರತದಲ್ಲಿ ಜೀವನಾಂಶಕ್ಕೆಂದು ಇಂಥ ವ್ಯವಸ್ಥೆ ಇಲ್ಲ. ಆದರೆ ಹೊಸ ನೌಕರನ ವಿವರ ಸರ್ಕಾರಕ್ಕೆ ಹೋಗುವುದೇ ಇಲ್ಲ ಎನ್ನುವಂತಿಲ್ಲ. ಮೂರು ಬಾಗಿಲುಗಳಿಂದ ಹೋಗುತ್ತದೆ.

ಒಂದು, ಭವಿಷ್ಯ ನಿಧಿ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಪಿಎಫ್ ವ್ಯಾಪ್ತಿಗೆ ಬರುತ್ತವೆ. ಯಾರು ಸೇರಿದರು, ಯಾರು ಬಿಟ್ಟರು ಎಂಬ ಲೆಕ್ಕ, ವಂತಿಗೆ ಎಲ್ಲವೂ ತಿಂಗಳು ಮುಗಿದ 15 ದಿನಗಳಲ್ಲಿ ಹೋಗಬೇಕು ಎಂಬುದು ಪಿಎಫ್ ಯೋಜನೆಯ ಹಳೆಯ ನಿಯಮ. 2014ರಲ್ಲಿ ಯುಎಎನ್ ಬಂದ ಮೇಲೆ ಒಬ್ಬ ನೌಕರನಿಗೆ ಜೀವನಪೂರ್ತಿ ಒಂದೇ ಸಂಖ್ಯೆ. ಅವನು ಎಷ್ಟು ಕಂಪನಿ ಬದಲಾಯಿಸಿದರೂ ಆ ಸಂಖ್ಯೆ ಬದಲಾಗುವುದಿಲ್ಲ.

ಎರಡು, ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದರೊಳಗೆ ಬರುತ್ತಾರೆ. ಹೊಸಬರು ಸೇರಿದ ಹತ್ತು ದಿನಗಳಲ್ಲಿ ನೋಂದಣಿ ಆಗಬೇಕು.

ಮೂರು, ಆದಾಯ ತೆರಿಗೆ. ಟಿಡಿಎಸ್ ಹಿಡಿಯುವ ಕಂಪನಿ ಮೂರು ತಿಂಗಳಿಗೊಮ್ಮೆ ಯಾವ ಪ್ಯಾನ್‌ಗೆ ಎಷ್ಟು ಸಂಬಳ ಕೊಟ್ಟೆ ಎಂದು ವಿವರ ಸಲ್ಲಿಸುತ್ತದೆ.

ಹಾಗಾದರೆ ಅವನು ಎಲ್ಲಿ ಕೆಲಸಕ್ಕಿದ್ದಾನೆ ಎಂಬುದು ಸರ್ಕಾರದ ಮೂರು ಕಚೇರಿಗಳಲ್ಲಿ ದಾಖಲಾಗಿರಬಹುದು. ಆದರೆ ಆ ಕಚೇರಿಗಳಿಗೂ ಕೌಟುಂಬಿಕ ನ್ಯಾಯಾಲಯಕ್ಕೂ ತಾನಾಗಿ ನಡೆಯುವ ಸಂಪರ್ಕ ಇಲ್ಲ. ಮಾಹಿತಿ ಹಕ್ಕಿನ ದಾರಿಯಲ್ಲಿ ಕೆಲವರಿಗೆ ಫಲ ಸಿಕ್ಕಿದ್ದುಂಟು. 2020ರಲ್ಲಿ ಜೋಧಪುರದ ಪ್ರಕರಣವೊಂದರಲ್ಲಿ ಗಂಡನ ಒಟ್ಟು ಆದಾಯವನ್ನು ಪತ್ನಿಗೆ ತಿಳಿಸಿ ಎಂದು ಕೇಂದ್ರ ಮಾಹಿತಿ ಆಯೋಗ ಆದಾಯ ತೆರಿಗೆ ಇಲಾಖೆಗೆ ಹೇಳಿತ್ತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನೇ ತಿದ್ದಿ ಬಿಗಿ ಮಾಡಿದೆ. ಈಗ ಆ ದಾರಿಯನ್ನೇ ನೆಚ್ಚಿ ಕೂರುವುದು ಬೇಡ. ನ್ಯಾಯಾಲಯದ ಮೂಲಕವೇ ಕೇಳುವುದು ಭದ್ರ.

ಅರ್ಜಿ ಎಲ್ಲಿ ಹಾಕಬೇಕು?

ಮಕ್ಕಳ ಜೀವನಾಂಶಕ್ಕೆ ಎಲ್ಲ ಧರ್ಮದವರಿಗೂ ತೆರೆದಿರುವ ಬಾಗಿಲು ಒಂದಿದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಇದರಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಸ್ಪಷ್ಟಪಡಿಸಿತು. ಆ ಪ್ರಕರಣ ಹೋದದ್ದು ತೆಲಂಗಾಣದಿಂದಲೇ.

ಮಗುವಿನ ಹಕ್ಕು ತಾಯಿಯ ಹಕ್ಕಿಗೆ ಅಂಟಿಕೊಂಡದ್ದಲ್ಲ. ‘ಅವಳು ದುಡಿಯುತ್ತಾಳೆ’, ‘ಅವಳೇ ಮನೆ ಬಿಟ್ಟು ಹೋದಳು’ ಎಂಬ ತಕರಾರುಗಳು ಪತ್ನಿಯ ಜೀವನಾಂಶಕ್ಕೆ ಅಡ್ಡ ಬರಬಹುದು, ಮಗುವಿನ ಪಾಲನ್ನು ಇಲ್ಲವಾಗಿಸುವುದಿಲ್ಲ. ತಾಯಿಗೂ ಸಂಬಳವಿದ್ದರೆ ಖರ್ಚನ್ನು ಇಬ್ಬರ ಆದಾಯಕ್ಕೆ ತಕ್ಕಂತೆ ಹಂಚಬಹುದು. ಆದ್ದರಿಂದ ಅರ್ಜಿಯಲ್ಲಿ ಮಗುವಿನ ಮೊತ್ತವನ್ನು ಪ್ರತ್ಯೇಕವಾಗಿ ಕೇಳಿ, ಆದೇಶದಲ್ಲೂ ಪ್ರತ್ಯೇಕವಾಗಿ ಬರುವಂತೆ ನೋಡಿಕೊಳ್ಳಿ. 144ರಡಿ ಮಗುವಿನ ಹಕ್ಕು ಸಾಮಾನ್ಯವಾಗಿ 18 ವರ್ಷದವರೆಗೆ. ಅಂಗವೈಕಲ್ಯದಿಂದ ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವಿಗೆ ಆ ಮಿತಿ ಇಲ್ಲ. ವಯಸ್ಕಳಾದ ಅವಿವಾಹಿತ ಹಿಂದೂ ಮಗಳು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಡಿ ಬೇರೆಯಾಗಿ ಕೇಳಬಹುದು.

ಹೈದರಾಬಾದಿಗೇ ಓಡಾಡಬೇಕೆಂದಿಲ್ಲ. ಅವನು ಇರುವ ಊರಿನಲ್ಲಿ, ಪತ್ನಿ ವಾಸವಿರುವ ಊರಿನಲ್ಲಿ, ಇಬ್ಬರೂ ಕೊನೆಯ ಸಲ ಒಟ್ಟಿಗೆ ಇದ್ದ ಊರಿನಲ್ಲಿ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು ಎನ್ನುತ್ತದೆ 145ನೇ ಕಲಮು. ತವರಿಗೆ ಮರಳಿದ ಹೆಣ್ಣುಮಗಳು ಬೀದರದಲ್ಲೇ ಹಾಕಬಹುದು. ಕೌಟುಂಬಿಕ ನ್ಯಾಯಾಲಯ ಇದ್ದಲ್ಲಿ ಅಲ್ಲಿಗೆ, ಇಲ್ಲದ ಕಡೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗೆ. ಬೀದರದ ಆದೇಶವನ್ನು ಅವನು ಇರುವ ಹೈದರಾಬಾದಿನ ಮ್ಯಾಜಿಸ್ಟ್ರೇಟರು ಜಾರಿ ಮಾಡಬಹುದು ಎನ್ನುತ್ತದೆ 147ನೇ ಕಲಮು.

ಹೈದರಾಬಾದಿನಲ್ಲೇ ನೆಲೆಸಿದವರಿಗೆ ಹಳೆಯ ನಗರದ ಪುರಾನಿ ಹವೇಲಿಯ ಕೌಟುಂಬಿಕ ನ್ಯಾಯಾಲಯ ಪರಿಚಿತ. ನಗರದ ಅಂಚಿನ ಹೊಸ ಬಡಾವಣೆಗಳು ರಂಗಾರೆಡ್ಡಿಯಂಥ ನೆರೆ ಜಿಲ್ಲೆಗಳ ನ್ಯಾಯಾಲಯಗಳಿಗೆ ಸೇರಬಹುದು. ಆದ್ದರಿಂದ ಮನೆ ಯಾವ ನ್ಯಾಯಾಲಯದ ಹದ್ದಿನಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ನೌಕರಿ ಎಲ್ಲಿದೆ ಎಂದು ಅವನಿಂದಲೇ ಹೇಳಿಸುವುದು

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದನ್ನು ವಕೀಲರು ‘ರಜನೀಶ್–ನೇಹಾ ತೀರ್ಪು’ ಎಂದೇ ಕರೆಯುತ್ತಾರೆ. ನ್ಯಾಯಮೂರ್ತಿಗಳಾದ ಇಂದೂ ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ ಅವರ ಪೀಠ ದೇಶದ ಎಲ್ಲ ನ್ಯಾಯಾಲಯಗಳಿಗೂ ಅದರಲ್ಲಿ ಒಂದೇ ನಮೂನೆ ಹಾಕಿಕೊಟ್ಟಿತು. ಜೀವನಾಂಶದ ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆದು ಕೊಡಬೇಕು. ಎಲ್ಲಿ ಕೆಲಸ, ಎಷ್ಟು ಸಂಬಳ, ಬ್ಯಾಂಕ್ ಖಾತೆಯಲ್ಲಿ ಏನಿದೆ, ತೆರಿಗೆ ಎಷ್ಟು ಕಟ್ಟಿದ್ದಾನೆ ಎಂಬುದಕ್ಕೆ ದಾಖಲೆ ಲಗತ್ತಿಸಬೇಕು. ಗಂಡನಿಗೆ ಇದಕ್ಕಿರುವ ಗಡುವು ನಾಲ್ಕು ವಾರ. ಪದೇ ಪದೇ ವಾಯಿದೆ ಕೇಳಿ ಎಳೆದರೆ ನ್ಯಾಯಾಲಯ ಅವನ ಪ್ರತಿವಾದವನ್ನೇ ಕೈಬಿಡಬಹುದು.

ನಮ್ಮ ಮಟ್ಟಿಗೆ ಮುಖ್ಯವಾದ ಅಂಶ ಇನ್ನೊಂದಿದೆ. ಪ್ರಕರಣ ನಡೆಯುತ್ತಿರುವಾಗ ಹಣಕಾಸಿನ ಸ್ಥಿತಿ ಬದಲಾದರೆ ಪೂರಕ ಅಫಿಡವಿಟ್ ಸಲ್ಲಿಸುವುದು ಅವನದೇ ಕರ್ತವ್ಯ. ಹೊಸ ಕಂಪನಿ, ಹೊಸ ಸಂಬಳ ಎಂದರೆ ಸ್ಥಿತಿ ಬದಲಾದಂತೆಯೇ. ಸುಳ್ಳು ಬರೆದರೆ ಸುಳ್ಳು ಸಾಕ್ಷ್ಯದ ಕ್ರಮ, ನ್ಯಾಯಾಂಗ ನಿಂದನೆ ಎರಡೂ ಕಾದಿರುತ್ತವೆ.

ಅವನು ಬಾಯಿ ಬಿಡದಿದ್ದರೆ? ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಯಾರಿಂದಲಾದರೂ ದಾಖಲೆ ತರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ನಿಮಗೆ ಗೊತ್ತಿರುವ ಕೊನೆಯ ಕಂಪನಿಯಿಂದ ಸಂಬಳದ ಚೀಟಿ, ಪಿಎಫ್ ಕಚೇರಿಯಿಂದ ಅವನ ಯುಎಎನ್‌ಗೆ ಈಗ ಯಾವ ಸಂಸ್ಥೆ ವಂತಿಗೆ ಕಟ್ಟುತ್ತಿದೆ ಎಂಬ ವಿವರ ತರಿಸಿ ಎಂದು ಅರ್ಜಿ ಕೊಡಬಹುದು. ಅದಕ್ಕೆ ಬೇಕಾದ ಕುರುಹುಗಳು ಬಹಳ ಸಲ ಮನೆಯ ಕಪಾಟಿನಲ್ಲೇ ಇರುತ್ತವೆ. ಹಳೆಯ ಸಂಬಳದ ಚೀಟಿಯಲ್ಲಿ ಯುಎಎನ್, ಗೃಹ ಸಾಲದ ಕಾಗದದಲ್ಲಿ ಪ್ಯಾನ್, ಕುಟುಂಬದ ಆರೋಗ್ಯ ವಿಮೆಯ ಕಾರ್ಡಿನಲ್ಲಿ ಕಂಪನಿಯ ಹೆಸರು. ಮನೆ ಬಿಡುವ ಮೊದಲೇ ಇವುಗಳ ಫೋಟೊ ತೆಗೆದಿಟ್ಟುಕೊಂಡವರಿಗೆ ಅರ್ಧ ಕೆಲಸ ಆದಂತೆ.

ಸಂಬಳದಲ್ಲಿ ಮುರಿಸುವ ಎರಡು ದಾರಿ

ಬಾಕಿ ಉಳಿಸಿಕೊಂಡವನ ಮೇಲೆ 144ನೇ ಕಲಮಿನಡಿ ವಾರಂಟ್ ಹೊರಡಿಸಬಹುದು. ಆಮೇಲೂ ಕೊಡದಿದ್ದರೆ ಬಾಕಿ ಇರುವ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಜೈಲು ವಸೂಲಿಯ ಒತ್ತಡ ಮಾತ್ರ, ಸಾಲ ಹಾಗೆಯೇ ಉಳಿಯುತ್ತದೆ. ಇದಕ್ಕೊಂದು ಕಾಲಮಿತಿ ಇದೆ, ಮರೆಯಬೇಡಿ: ಮೊತ್ತ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು.

ಆದರೆ ನೌಕರಿಯಲ್ಲಿರುವವನನ್ನು ಜೈಲಿಗೆ ಕಳಿಸಿದರೆ ನೌಕರಿಯೂ ಹೋದೀತು, ಮಗುವಿಗೆ ಬರುವ ಹಣವೂ ನಿಂತೀತು. ಸಂಬಳಗಾರನ ಪ್ರಕರಣದಲ್ಲಿ ಪಗಾರದಲ್ಲೇ ಮುರಿಸುವುದು ಲೇಸು. ಅದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಕೌಟುಂಬಿಕ ಹಿಂಸೆ ತಡೆ ಕಾಯ್ದೆ. 2005ರ ಈ ಕಾಯ್ದೆಯ 20(6)ನೇ ಕಲಮಿನಂತೆ, ಆದೇಶವಾದ ಹಣ ಕೊಡದವನ ಉದ್ಯೋಗದಾತನಿಗೋ ಅವನಿಗೆ ಹಣ ಕೊಡಬೇಕಾದ ಬೇರೆಯವರಿಗೋ ಮ್ಯಾಜಿಸ್ಟ್ರೇಟರು ನೇರ ಆದೇಶ ಮಾಡಬಹುದು. ಸಂಬಳದ ಒಂದು ಭಾಗವನ್ನು ಮಹಿಳೆಗೇ ಕೊಡಿ, ಇಲ್ಲವೇ ನ್ಯಾಯಾಲಯದಲ್ಲಿ ಕಟ್ಟಿ ಎಂದು. ಮಕ್ಕಳ ಜೀವನಾಂಶವೂ ಈ ಹಣದಲ್ಲಿ ಸೇರುತ್ತದೆ. ಮನೆ ಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಈ ಕಾಯ್ದೆಯ ಕಣ್ಣಿನಲ್ಲಿ ಆರ್ಥಿಕ ಹಿಂಸೆ. 26ನೇ ಕಲಮಿನಂತೆ ಇದೇ ಪರಿಹಾರವನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ನಡೆಯುತ್ತಿರುವ ಪ್ರಕರಣದಲ್ಲೂ ಕೇಳಬಹುದು. ಅಮೆರಿಕದ ಸಂಬಳ ಕಡಿತಕ್ಕೆ ತೀರ ಹತ್ತಿರ ಬರುವ ಕಲಮು ನಮ್ಮಲ್ಲಿ ಇದೇ.

ಎರಡನೆಯದು ಸಿವಿಲ್ ದಾರಿ. ಜೀವನಾಂಶದ ಆದೇಶವನ್ನು ಹಣದ ಡಿಕ್ರಿಯಂತೆ ಜಾರಿ ಮಾಡಬಹುದು ಎಂದು 2020ರ ತೀರ್ಪು ಹೇಳಿದೆ. ಆಗ ಅಮಲ್ಜಾರಿ ಅರ್ಜಿ ಹಾಕಿ ಸಂಬಳ ಜಪ್ತಿ ಕೇಳಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಬೇರೆ ಸಾಲಗಳಿಗಿಂತ ಜೀವನಾಂಶಕ್ಕೆ ಹೆಚ್ಚು ತೂಕ ಕೊಟ್ಟಿದೆ. ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದ ಎರಡು ಭಾಗ ಜಪ್ತಿಗೆ ಸಿಗುತ್ತದೆ. ಲೆಕ್ಕಕ್ಕೆ ಬರುವ ಸಂಬಳ 60,000 ಎಂದಿಟ್ಟುಕೊಳ್ಳಿ. 20,000 ಮುಟ್ಟುವಂತಿಲ್ಲ, 40,000ದವರೆಗೆ ಮುರಿಯಬಹುದು. ಮಗುವಿಗೆ ತಿಂಗಳಿಗೆ 15,000 ಆದೇಶವಾಗಿ ಆರು ತಿಂಗಳ ಬಾಕಿ 90,000 ನಿಂತಿದ್ದರೆ, ಚಾಲ್ತಿ 15,000ದ ಜೊತೆಗೆ ಬಾಕಿಯ ಕಂತು 10,000 ಸೇರಿಸಿ 25,000 ಮುರಿಸಿದರೆ ಒಂಬತ್ತು ತಿಂಗಳಲ್ಲಿ ಬಾಕಿ ಚುಕ್ತಾ. ಬಾಕಿಯ ಜೊತೆಗೆ ಮುಂದಿನ ತಿಂಗಳುಗಳ ಮೊತ್ತವನ್ನೂ ಅರ್ಜಿಯಲ್ಲಿ ಸೇರಿಸಿ ಕೇಳುವುದನ್ನು ಬಿಡಬೇಡಿ. ಪಿಎಫ್ ಮತ್ತು ಗ್ರಾಚ್ಯುಟಿ ಹಣಕ್ಕೆ ಸಾಮಾನ್ಯವಾಗಿ ಜಪ್ತಿಯಿಂದ ರಕ್ಷಣೆ ಇದೆ. ಪಿಎಫ್ ದಾಖಲೆ ಅವನ ನೌಕರಿ ಎಲ್ಲಿದೆ ಎಂದು ತೋರಿಸಬಲ್ಲದು, ಅದರೊಳಗಿನ ದುಡ್ಡಿನ ಆಸೆ ಬೇಡ.

ಸಿವಿಲ್ ದಾರಿಯಲ್ಲಿ ಎಡವುವ ಕಲ್ಲೊಂದಿದೆ. ಸರ್ಕಾರಿ, ರೈಲ್ವೆ ನೌಕರರಿಗೆ ಆದೇಶ 21ರ ನಿಯಮ 48. ಸಂಬಳ ಬಟವಾಡೆ ಮಾಡುವ ಅಧಿಕಾರಿ ಯಾವ ಊರಿನಲ್ಲಿದ್ದರೂ ನಿಮ್ಮ ನ್ಯಾಯಾಲಯವೇ ಅವರಿಗೆ ಆದೇಶ ಕಳಿಸಬಹುದು. ಖಾಸಗಿ ನೌಕರರಿಗೆ ನಿಯಮ 48ಎ. ಅಲ್ಲಿ ಬಟವಾಡೆ ಅಧಿಕಾರಿ ಆ ನ್ಯಾಯಾಲಯದ ಹದ್ದಿನೊಳಗೇ ಇರಬೇಕು. ಅವನು ಕೆಲಸ ಮಾಡುವುದು ಗಚ್ಚಿಬೌಲಿಯಲ್ಲಿ, ಕಂಪನಿಯ ಪೇರೋಲ್ ವಿಭಾಗ ಇರುವುದು ಬೆಂಗಳೂರಿನಲ್ಲಿ ಎಂದಾದರೆ ಡಿಕ್ರಿಯನ್ನು ಬೆಂಗಳೂರಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬೇಕು. ಅರ್ಜಿ ಬರೆಯುವ ಮುಂಚೆಯೇ ಸಂಬಳ ಯಾವ ಕಚೇರಿಯಿಂದ ಬಟವಾಡೆ ಆಗುತ್ತದೆ ಎಂದು ಖಚಿತ ಮಾಡಿಕೊಂಡರೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಕಂಪನಿಗೆ ಪತ್ರ ಬಂದಾಗ

ಹೈಟೆಕ್ ಸಿಟಿಯ ಎಚ್‌ಆರ್ ಮೇಜಿಗೆ ಇಂಥ ಆದೇಶ ಬಂದರೆ ಅದು ನೌಕರನ ಮನೆ ಜಗಳ, ನಮಗೇಕೆ ಎಂದು ಪಕ್ಕಕ್ಕಿಡುವಂತಿಲ್ಲ. ನಿಯಮ 48ಎ ಪ್ರಕಾರ ಆದೇಶ ತಲುಪಿದ ಮೇಲೆ ಅದು ಕಂಪನಿಯನ್ನು ಕಟ್ಟಿಹಾಕುತ್ತದೆ. ಆದೇಶ ಮೀರಿ ಪೂರ್ತಿ ಸಂಬಳವನ್ನು ನೌಕರನಿಗೆ ಕೊಟ್ಟುಬಿಟ್ಟರೆ ಆ ಮೊತ್ತಕ್ಕೆ ಕಂಪನಿಯೇ ಹೊಣೆ. ನ್ಯಾಯಾಲಯದ ಆದೇಶದಂತೆ ಸಂಬಳದಲ್ಲಿ ಮುರಿಯಲು ವೇತನ ಕಾನೂನಿನ ಒಪ್ಪಿಗೆಯೂ ಇದೆ.

ಪೇರೋಲ್ ವಿಭಾಗ ನೋಡಬೇಕಾದದ್ದು ಇಷ್ಟು. ಪತ್ರದಲ್ಲಿ ನ್ಯಾಯಾಲಯದ ಮುದ್ರೆ, ಪ್ರಕರಣದ ಸಂಖ್ಯೆ ಇವೆಯೇ? ಹೆಸರು, ನೌಕರನ ಸಂಖ್ಯೆ ಹೊಂದುತ್ತವೆಯೇ? ತಿಂಗಳ ಮೊತ್ತ ಎಷ್ಟು, ಬಾಕಿಯ ಕಂತು ಎಷ್ಟು, ಯಾವ ತಿಂಗಳಿನಿಂದ? ಹಣ ಹೋಗಬೇಕಾದದ್ದು ನ್ಯಾಯಾಲಯಕ್ಕೋ ತಾಯಿಯ ಖಾತೆಗೋ? ಬೇರೆ ಜಪ್ತಿ ಆದೇಶ ಮೊದಲೇ ನಡೆಯುತ್ತಿದ್ದರೆ ಅದನ್ನು ಬರಹದಲ್ಲಿ ನ್ಯಾಯಾಲಯಕ್ಕೆ ತಿಳಿಸಬೇಕು. ನೌಕರ ಬಿಟ್ಟುಹೋಗಿದ್ದರೆ ಸುಮ್ಮನಿರದೆ ಕೊನೆಯ ಕೆಲಸದ ದಿನಾಂಕ ಬರೆದು ಉತ್ತರಿಸಬೇಕು. ಲೆಕ್ಕ ಚುಕ್ತಾ ಮಾಡುವಾಗ ಕೊಡಬೇಕಾದ ಸಂಬಳ ಉಳಿದಿದ್ದರೆ ಅದಕ್ಕೂ ಆದೇಶ ಅನ್ವಯಿಸುತ್ತದೆಯೇ ಎಂದು ಕಂಪನಿಯ ವಕೀಲರನ್ನು ಕೇಳುವುದು ಜಾಣತನ. ವಿಷಯವನ್ನು ತಂಡದ ಮ್ಯಾನೇಜರಿನವರೆಗೆ ಒಯ್ಯುವ ಅಗತ್ಯ ಮಾತ್ರ ಯಾವುದೂ ಇಲ್ಲ.

ಅವನು ಕಂಪನಿ ಬದಲಾಯಿಸಿದರೆ

ನಮ್ಮ ವ್ಯವಸ್ಥೆ ಕೈಕೊಡುವುದು ಇಲ್ಲಿ. ಹಳೆಯ ಕಂಪನಿ ‘ಬಿಟ್ಟಿದ್ದಾರೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. ಹೊಸ ಕಂಪನಿಗೆ ಆದೇಶದ ಗಂಧವೇ ಇರುವುದಿಲ್ಲ. ನಡುವೆ ಇರುವವಳು ತಾಯಿ. ಈ ಕಂದಕವನ್ನು ಪೂರ್ತಿ ಮುಚ್ಚಲಾಗದು, ಆದರೆ ಮೊದಲ ಆದೇಶ ಬರೆಸಿಕೊಳ್ಳುವಾಗಲೇ ನಾಲ್ಕು ಮಾತು ಸೇರಿಸಿಕೊಂಡರೆ ಕಿರಿದು ಮಾಡಬಹುದು.

ನೌಕರಿ ಅಥವಾ ವಿಳಾಸ ಬದಲಾದರೆ ಇಂತಿಷ್ಟು ದಿನಗಳಲ್ಲಿ ನ್ಯಾಯಾಲಯಕ್ಕೆ ತಿಳಿಸಬೇಕು ಎಂಬ ಷರತ್ತು ಕೇಳಿ. ಅವನ ಪ್ಯಾನ್ ಮತ್ತು ಯುಎಎನ್ ಪ್ರಕರಣದ ದಾಖಲೆಯಲ್ಲಿ ಇರುವಂತೆ ನೋಡಿಕೊಳ್ಳಿ. ಹಳೆಯ ಕಂಪನಿ ಅವನು ಬಿಟ್ಟ ಕೂಡಲೇ ನ್ಯಾಯಾಲಯಕ್ಕೆ ತಿಳಿಸಬೇಕು ಎಂಬ ಮಾತು ಸಂಬಳ ಕಡಿತದ ಆದೇಶದಲ್ಲಿ ಇರಲಿ. ಹಣ ಯಾವಾಗಲೂ ಒಂದೇ ಬ್ಯಾಂಕ್ ಖಾತೆಗೆ ಬರಲಿ, ನಗದು ಬೇಡ. ಯಾವ ತಿಂಗಳು ಬಂತು, ಯಾವ ತಿಂಗಳು ತಪ್ಪಿತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಬಾಕಿಯ ಲೆಕ್ಕ ಕೇಳಿದಾಗ ತಡಕಾಡಬೇಕಾಗಿಲ್ಲ, ಒಂದು ವರ್ಷದ ಗಡುವೂ ಕೈತಪ್ಪುವುದಿಲ್ಲ. ಒಂದು ತಿಂಗಳು ಹಣ ತಪ್ಪಿದರೆ ಅದನ್ನು ಅವನು ನೌಕರಿ ಬದಲಾಯಿಸಿದ ಸೂಚನೆ ಎಂದೇ ತಿಳಿದು, ಪಿಎಫ್ ದಾಖಲೆ ತರಿಸುವ ಅರ್ಜಿ ಸಿದ್ಧ ಮಾಡಿ.

ಸಂಬಳದ ಚೀಟಿಯೇ ಇಲ್ಲದವರು

ಕ್ಯಾಬ್ ಓಡಿಸುವವನಿಗೆ, ಆ್ಯಪ್ ಕಂಪನಿಗೆ ಡೆಲಿವರಿ ಮಾಡುವವನಿಗೆ ಸಂಬಳವಿಲ್ಲ. ಆ ಕಂಪನಿಗಳು ತಮ್ಮನ್ನು ಉದ್ಯೋಗದಾತರೆಂದು ಕರೆದುಕೊಳ್ಳುವುದಿಲ್ಲ. ಆದರೆ 20(6)ನೇ ಕಲಮಿನಲ್ಲಿ ಉದ್ಯೋಗದಾತನ ಜೊತೆಗೆ ಅವನಿಗೆ ಹಣ ಕೊಡಬೇಕಾದವರೂ ಸೇರಿದ್ದಾರೆ. ಸಿವಿಲ್ ಸಂಹಿತೆಯ ಆದೇಶ 21ರ ನಿಯಮ 46ಎ ಕೂಡ ಮೂರನೆಯವರ ಕೈಯಲ್ಲಿರುವ ಅವನ ಹಣವನ್ನು ತಡೆಹಿಡಿಯಲು ಅವಕಾಶ ಕೊಡುತ್ತದೆ. ವಾರವಾರವೂ ಅವನ ಖಾತೆಗೆ ಹಣ ಹಾಕುವ ಕಂಪನಿಯ ಮೇಲೆ ಈ ಎರಡನ್ನೂ ಬಳಸಿ ವಾದಿಸಲು ಎಡೆ ಇದೆ.

ಮೇಸ್ತ್ರಿಯ ಕೈಯಿಂದ ನಗದು ಬಟವಾಡೆ ಪಡೆಯುವ ಕಟ್ಟಡ ಕಾರ್ಮಿಕನ ವಿಷಯದಲ್ಲಿ ಇವು ಯಾವುವೂ ಸುಲಭಕ್ಕೆ ನಡೆಯುವುದಿಲ್ಲ. ಅಮೆರಿಕದ ದಾಖಲೆಯೂ ಲೆಕ್ಕಕ್ಕೆ ಸಿಗದ ದುಡಿಮೆಯ ಎದುರು ಸೋಲುತ್ತದೆ. ಅಂಥ ಕಡೆ ಊರಿನ ಹೊಲ, ಮನೆ, ಬೈಕು, ಬ್ಯಾಂಕ್ ಖಾತೆಯ ಮೇಲೆ ವಾರಂಟ್ ತರುವುದೇ ಉಳಿದ ದಾರಿ.

ವಿಮಾನ ಹತ್ತಿದರೆ

ಹೈದರಾಬಾದಿನಿಂದ ಎಚ್-1ಬಿ ವೀಸಾದಲ್ಲಿ ಹೋದವನನ್ನು ಅಲ್ಲಿನ ಕಂಪನಿ 20 ದಿನಗಳೊಳಗೆ ಹೊಸ ನೌಕರರ ದಾಖಲೆಗೆ ಸೇರಿಸುತ್ತದೆ. ಆದರೆ ಇಲ್ಲಿನ ಆದೇಶ ತಾನಾಗಿ ಆ ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ. ಮಕ್ಕಳ ಜೀವನಾಂಶವನ್ನು ದೇಶದ ಗಡಿ ದಾಟಿ ವಸೂಲು ಮಾಡಲು 2007ರ ಹೇಗ್ ಒಪ್ಪಂದವಿದೆ, ಅಮೆರಿಕ 2017ರಿಂದ ಅದರೊಳಗಿದೆ, ಭಾರತ ಇಲ್ಲ. ಹಾಗಾಗಿ ಅವನು ವಾಸವಿರುವ ರಾಜ್ಯದ ಜೀವನಾಂಶ ಸಂಸ್ಥೆ ಅಥವಾ ನ್ಯಾಯಾಲಯದ ಮುಂದೆ ಬೇರೆಯಾಗಿ ಪ್ರಯತ್ನಿಸಬೇಕು. ಅಲ್ಲಿ ಆದೇಶವಾದರೆ ಮಾತ್ರ ಅಲ್ಲಿನ ಸಂಬಳ ಕಡಿತದ ಯಂತ್ರ ನಿಮ್ಮ ಪರವಾಗಿ ತಿರುಗುತ್ತದೆ.

ಬೇಕಿರುವುದು ಒಂದು ಕೊಂಡಿ

ಹೊಸ ಇಲಾಖೆ, ಹೊಸ ನಮೂನೆ ಯಾವುದೂ ಬೇಕಿಲ್ಲ. ಕಂಪನಿಗಳು ಈಗಾಗಲೇ ಕಳಿಸುತ್ತಿರುವ ಪಿಎಫ್, ಇಎಸ್‌ಐ ವಿವರದಲ್ಲೇ ಉತ್ತರವಿದೆ. ಜೀವನಾಂಶ ಬಾಕಿ ಇರುವವನ ಯುಎಎನ್‌ಗೆ ಹೊಸ ಸಂಸ್ಥೆಯ ವಂತಿಗೆ ಬಿದ್ದ ತಿಂಗಳೇ ಆದೇಶ ಮಾಡಿದ ನ್ಯಾಯಾಲಯಕ್ಕೆ ಒಂದು ಸೂಚನೆ ಹೋಗಬೇಕು. ತಾಯಿಗೆ ವಿಳಾಸ ಕೊಡಬೇಕಿಲ್ಲ, ಸಂಬಳದ ವಿವರವನ್ನು ಜಗಜ್ಜಾಹೀರು ಮಾಡಬೇಕಿಲ್ಲ. ನ್ಯಾಯಾಲಯದಿಂದ ಕಂಪನಿಗೆ ಪತ್ರ ಹೋಗುತ್ತದೆ, ಕಂಪನಿಯಿಂದ ಮಗುವಿನ ಖಾತೆಗೆ ಹಣ ಬರುತ್ತದೆ. ಇದಕ್ಕೆ ಕಾನೂನಿನ ಬಲ ಬೇಕು, ಯಾರು ಎಷ್ಟು ನೋಡಬಹುದು ಎಂಬ ಬೇಲಿಯೂ ಬೇಕು. 24 ತಿಂಗಳಿಗೆ ಅಳಿಸುವ ಅಮೆರಿಕದ ನಿಯಮ ಅಂಥ ಬೇಲಿಗೆ ಒಂದು ಮಾದರಿ.

ಅದು ಬರುವವರೆಗೆ ಹುಡುಕುವ ಭಾರ ತಾಯಿಯದೇ. ಆದರೆ ಕೇಳುವ ಹಕ್ಕೂ ಅವರದೇ. ಮುಂದಿನ ವಾಯಿದೆಗೆ ಹೋಗುವಾಗ ವಕೀಲರಿಗೆ ಮೂರು ಪ್ರಶ್ನೆ ಹಾಕಿ: ಅವನ ಅಫಿಡವಿಟ್ ಬಂದಿದೆಯೇ, ಅದರಲ್ಲಿ ಈಗಿನ ಕಂಪನಿಯ ಹೆಸರಿದೆಯೇ, ಸಂಬಳದಲ್ಲಿ ಮುರಿಸುವ ಅರ್ಜಿ ಹಾಕಿದ್ದೀರಾ? ಮೂರರಲ್ಲಿ ಯಾವುದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅಂದಿನ ಕೆಲಸ ಅಲ್ಲಿಂದಲೇ ಶುರುವಾಗಲಿ.